ಮೊಬೈಲ್ ಲೆಕ್ಕದಲ್ಲಿ ಮಗ ‘ನಾರ್ಮಲ್’, ಶಾಲೆಯ ಕಾರ್ಡಿನಲ್ಲಿ ‘ತೂಕ ಹೆಚ್ಚು’: ಯಾವುದು ನಿಜ?

ಪ್ರಶ್ನೆ: ನಾವು ಬಾಗಲಕೋಟೆ ನವನಗರದವರು. ಮಗನಿಗೆ 9 ವರ್ಷ ತುಂಬಿದೆ, ಎತ್ತರ 133 ಸೆಂ.ಮೀ., ತೂಕ 36 ಕೆ.ಜಿ. ಮಗಳಿಗೆ 12 ವರ್ಷ, ಎತ್ತರ 148 ಸೆಂ.ಮೀ., ತೂಕ 34 ಕೆ.ಜಿ. ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ಮಗನಿಗೆ ‘ತೂಕ ಹೆಚ್ಚು’ ಎಂದು ಬರೆದಿದ್ದಾರೆ, ಮಗಳದು ಸರಿ ಇದೆಯಂತೆ. ಮೊಬೈಲಿನಲ್ಲಿ ಬಿಎಂಐ ಹಾಕಿ ನೋಡಿದರೆ ಪೂರ್ತಿ ಉಲ್ಟಾ: ಮಗನದು 20.4, ‘ನಾರ್ಮಲ್’, ಮಗಳದು 15.5, ‘ಅಂಡರ್‌ವೇಟ್’. ಅತ್ತೆಯವರು “ಹುಡುಗ ಈಗರ ಮೈ ಹಿಡದಾನ, ಅವನ ತಾಟಿಗೆ ಕಣ್ಣು ಹಾಕಬ್ಯಾಡ್ರಿ, ಹುಡುಗಿಗೆ ಟಾನಿಕ್ ಕುಡಸ್ರಿ” ಅನ್ನುತ್ತಾರೆ. ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಯಾರ ಮಾತು ನಂಬಬೇಕು? ಮಗನಿಗೆ ಊಟ ಕಡಿಮೆ ಮಾಡಬೇಕೆ? ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೆ?

ಉತ್ತರ: ತಾಯಿ, ಶಾಲೆಯ ಕಾರ್ಡನ್ನು ನಂಬಿ. ಮೊಬೈಲ್ ಮಾಡಿದ ಲೆಕ್ಕ ಸರಿಯಾಗಿಯೇ ಇದೆ, ಅದು ಕೊಟ್ಟ ತೀರ್ಪು ತಪ್ಪು. ನೀವು ತೂಕ ಹಾಕಿದಿರಿ, ಎತ್ತರ ಹಾಕಿದಿರಿ. ವಯಸ್ಸೆಷ್ಟು, ಹುಡುಗನೋ ಹುಡುಗಿಯೋ ಎಂದು ಅದು ಕೇಳಲೇ ಇಲ್ಲ. ಕೇಳದೇ ಉತ್ತರ ಕೊಟ್ಟಿದೆ ಅಂದಮೇಲೆ ಅದು ದೊಡ್ಡವರ ಕ್ಯಾಲ್ಕುಲೇಟರ್. ಅದನ್ನು ನಂಬಿದ್ದರಿಂದ ನಿಮ್ಮ ಮನೆಯ ಚಿಂತೆಯೆಲ್ಲ ಮಗಳ ಮೇಲೆ ಹೋಗಿ ಕೂತಿದೆ. ಇರಬೇಕಾದದ್ದು ಮಗನ ಮೇಲೆ, ಅದೂ ಗಾಬರಿಯಿಲ್ಲದ ಚಿಂತೆ.

ಬಿಎಂಐ ಅಂದರೆ ಕೆ.ಜಿ. ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ನಿಮ್ಮ ಮಗನಿಗೆ 36 ಭಾಗಿಸು 1.33, ಮತ್ತೆ ಭಾಗಿಸು 1.33. ಇದನ್ನು ಕಂಡುಹಿಡಿದವನು ವೈದ್ಯನೇ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞ ಜನಸಮೂಹದ ಮೈಕಟ್ಟನ್ನು ಅಳೆಯಲು ಹೊರಟು ಮಾಡಿಕೊಂಡ ಸೂತ್ರವಿದು. ಅದಕ್ಕೆ ಇವತ್ತಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಎಂಬ ಸಂಶೋಧಕರಿಂದ. 18.5ರಿಂದ 25ರವರೆಗೆ ಸರಿ ಅನ್ನುವ ಗಡಿಗಳು ಬೆಳವಣಿಗೆ ಮುಗಿದ ದೊಡ್ಡವರಿಗೆ ಹಾಕಿದವು. ಮಕ್ಕಳಿಗೆ ಅಂಥ ಒಂದೇ ಗಡಿ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಅವರ ಬಿಎಂಐ ವಯಸ್ಸಿನ ಜೊತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

ಗಂಡುಮಗುವಿನ ಸರಾಸರಿ ಹಾದಿ ನೋಡಿ. ಒಂದು ವರ್ಷಕ್ಕೆ ಬಿಎಂಐ ಹತ್ತಿರಹತ್ತಿರ 17. ಆಮೇಲೆ ಕೂಸು ಓಡಾಡತೊಡಗುತ್ತದೆ, ಎತ್ತರಕ್ಕೆ ಹೋಗುತ್ತದೆ, ಕೆನ್ನೆ ಕರಗುತ್ತದೆ. ಐದು ವರ್ಷಕ್ಕೆ 15.3. ಅಲ್ಲಿಂದ ನಿಧಾನಕ್ಕೆ ತಿರುಗಿ ಹತ್ತಕ್ಕೆ 16.4, ಹದಿನೈದಕ್ಕೆ 19.8, ಹತ್ತೊಂಬತ್ತಕ್ಕೆ 22.2. ಅಂದರೆ ಐದಾರು ವರ್ಷದ ಮಗು ಜೀವನದಲ್ಲೇ ಅತಿ ತೆಳ್ಳಗೆ ಕಾಣುವುದು ಪ್ರಕೃತಿಯ ಕ್ರಮ. “ಪಕ್ಕಡಿ ಎಲುಬು ಎಣಸಬಹುದ್ರಿ, ಏನೂ ತಿನ್ನೂದಿಲ್ಲ” ಎಂದು ತಾಯಂದಿರು ದವಾಖಾನೆಗೆ ಕರೆದುಕೊಂಡು ಬರುವುದು ಹೆಚ್ಚಾಗಿ ಇದೇ ವಯಸ್ಸಿನ ಮಕ್ಕಳನ್ನು. ಅವರಲ್ಲಿ ಬಹುಪಾಲು ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ನಾವು ಕಣ್ಣಿಡುವುದು ಇನ್ನೊಂದು ಗುಂಪಿನ ಮೇಲೆ. ಕೆಲವು ಮಕ್ಕಳಲ್ಲಿ ಈ ತಿರುವು ಐದಾರಕ್ಕೆ ಬದಲು ಮೂರು ನಾಲ್ಕು ವರ್ಷಕ್ಕೇ ಬಂದುಬಿಡುತ್ತದೆ. ಮುಂದೆ ಬೊಜ್ಜಿಗೆ ಹೋಗುವ ಸಂಭವ ಅಂಥವರಲ್ಲಿ ಹೆಚ್ಚು. ಎಲ್ಲರೂ ಎತ್ತಿಕೊಂಡು ಗಲ್ಲ ಹಿಂಡುವ ನಾಲ್ಕು ವರ್ಷದ ಗುಂಡಣ್ಣನ ನಕ್ಷೆಯನ್ನು ನಾನು ಎರಡು ಸಲ ನೋಡುತ್ತೇನೆ.

ನಕ್ಷೆ ಅಂದೆ. ಮಕ್ಕಳ ಬಿಎಂಐ ಓದಲು ಅದಿಲ್ಲದೆ ಆಗುವುದಿಲ್ಲ. ನಿಮ್ಮ ಹಳೆಯ ತಾಯಿ ಕಾರ್ಡಿನಲ್ಲಿ ಐದು ವರ್ಷದವರೆಗಿನ ಬೆಳವಣಿಗೆ ನಕ್ಷೆ ಇರುತ್ತದಲ್ಲ, ಅದರ ದೊಡ್ಡಣ್ಣ ಇದು. ಐದರ ಒಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಾನದಂಡ ಕೊಟ್ಟಿತು. ಅದಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. 5ರಿಂದ 19 ವರ್ಷದವರಿಗೆ 2007ರಲ್ಲಿ ಇನ್ನೊಂದು ನಕ್ಷೆ ಬಂತು, ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ನಡುವೆ ಒಂದು ಗೆರೆ, ಅದು ಆ ವಯಸ್ಸಿನ ಮಧ್ಯದ ಮಗು. ಅದರ ಮೇಲೆ ಪ್ಲಸ್ 1, ಪ್ಲಸ್ 2. ಕೆಳಗೆ ಮೈನಸ್ 1, ಮೈನಸ್ 2. ಐದು ವರ್ಷ ದಾಟಿದವರಲ್ಲಿ ಪ್ಲಸ್ 1 ದಾಟಿದರೆ ತೂಕ ಹೆಚ್ಚು, ಪ್ಲಸ್ 2 ದಾಟಿದರೆ ಬೊಜ್ಜು, ಮೈನಸ್ 2ಕ್ಕಿಂತ ಕೆಳಗಿದ್ದರೆ ಕೃಶ.

ಒಂಬತ್ತು ವರ್ಷದ ಹುಡುಗರ ನಡುಗೆರೆ 16.0. ಪ್ಲಸ್ 1 ಇರುವುದು 17.9ಕ್ಕೆ, ಪ್ಲಸ್ 2 ಇರುವುದು 20.5ಕ್ಕೆ. ನಿಮ್ಮ ಮಗ 20.4. ದೊಡ್ಡವರ ಅಳತೆಯಲ್ಲಿ ‘ನಾರ್ಮಲ್’ ಆದವನು ತನ್ನ ವಯಸ್ಸಿನ ಅಳತೆಯಲ್ಲಿ ಬೊಜ್ಜಿನ ಗೆರೆಯ ಹೊಸ್ತಿಲಲ್ಲಿದ್ದಾನೆ. ಹನ್ನೆರಡರ ಹುಡುಗಿಯರ ನಡುಗೆರೆ 18.0, ಮೈನಸ್ 1 ಇರುವುದು 16.0ಕ್ಕೆ, ಮೈನಸ್ 2 ಇರುವುದು 14.4ಕ್ಕೆ. 15.5 ಇರುವ ನಿಮ್ಮ ಮಗಳು ತೆಳ್ಳಗಿದ್ದಾಳೆ, ಆದರೆ ಆರೋಗ್ಯದ ಪಟ್ಟಿಯ ಒಳಗೇ ಇದ್ದಾಳೆ.

ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳ ಅಳತೆಯಿಂದಲೇ ಮಾಡಿದ ನಕ್ಷೆಯೂ ಇದೆ, ನಮ್ಮಲ್ಲಿ ಅನೇಕ ಮಕ್ಕಳ ವೈದ್ಯರು ಬಳಸುವುದು ಅದನ್ನೇ. ಅದರ ಮೇಲಿನ ಎರಡು ಗೆರೆಗಳು ದೊಡ್ಡವರ 23 ಮತ್ತು 27ಕ್ಕೆ ಹೋಗಿ ಸೇರುವಂತೆ ಎಳೆದವು, ಏಕೆಂದರೆ ನಮ್ಮ ಮೈಗೆ ಸಕ್ಕರೆ ಕಾಯಿಲೆ, ಬಿಪಿಯಂಥವು ಬಿಳಿಯರಿಗಿಂತ ಕಡಿಮೆ ತೂಕಕ್ಕೇ ಅಂಟಿಕೊಳ್ಳುತ್ತವೆ. ಯಾವ ನಕ್ಷೆ ಹಿಡಿದರೂ ನಿಮ್ಮ ಮಗನ ತೂಕ ಹೆಚ್ಚೇ. ಆರಂಭಿಸಿದ ನಕ್ಷೆಯನ್ನು ನಡುವೆ ಬದಲಿಸಬೇಡಿ, ಅಷ್ಟೆ.

ಇಷ್ಟು ಹೇಳಿದ ಮೇಲೆ ಒಂದು ತಡೆ ಹಾಕುತ್ತೇನೆ. 133 ಸೆಂ.ಮೀ. ಅಂದಿರಿ. ಯಾರು, ಹೇಗೆ ಅಳೆದರು? ಅದು ನಿಜವಾಗಿ 131 ಆಗಿದ್ದರೆ ಬಿಎಂಐ 21ಕ್ಕೆ ಹೋಗುತ್ತದೆ, ಹುಡುಗ ಬೊಜ್ಜಿನ ಗೆರೆಯ ಆಚೆ ಬೀಳುತ್ತಾನೆ. 135 ಆಗಿದ್ದರೆ 19.8ಕ್ಕೆ ಇಳಿಯುತ್ತಾನೆ. ಎತ್ತರದಿಂದ ಎರಡು ಸಲ ಭಾಗಿಸುವುದರಿಂದ ಅದರ ತಪ್ಪೂ ದುಪ್ಪಟ್ಟಾಗುತ್ತದೆ. ನೂರಾರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳೆಯುವಾಗ ಬೂಟು ಬಿಚ್ಚಿಸದೇ ಇರುವುದುಂಟು, ಜಡೆಯ ಮೇಲೆ ಪಟ್ಟಿ ಇಡುವುದುಂಟು. ಮನೆಯಲ್ಲೇ ಅಳೆಯಿರಿ. ಗೋಡೆಗೆ ಹಿಮ್ಮಡಿ, ಕುಂಡಿ, ಬೆನ್ನು ತಾಗಬೇಕು, ನೋಟ ನೆಟ್ಟಗೆ ಮುಂದಕ್ಕೆ, ಗದ್ದ ಮೇಲೆತ್ತಬಾರದು. ರಟ್ಟಿನ ಪುಸ್ತಕವೊಂದನ್ನು ಗೋಡೆಗೆ ಒತ್ತಿ ನೆತ್ತಿಯ ಮೇಲೆ ಇಳಿಸಿ ಪೆನ್ಸಿಲಿನಿಂದ ಗೀಟು ಹಾಕಿ. ಬಟ್ಟೆಯ ಟೇಪು ಹಿಗ್ಗಿರುತ್ತದೆ, ಬಡಿಗ್ಯಾರ ಉಕ್ಕಿನ ಟೇಪು ಒಳ್ಳೆಯದು. ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ತೂಕ ಬೆಳಿಗ್ಗೆ, ತೆಳು ಬಟ್ಟೆಯಲ್ಲಿ, ಪ್ರತಿ ಸಲ ಅದೇ ಯಂತ್ರದ ಮೇಲೆ.

ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಲಾಗದು ಎಂಬುದು ಇದಕ್ಕಿಂತ ದೊಡ್ಡ ಮಾತು. ಒಂದು ಚುಕ್ಕಿಯಿಂದ ಮಗು ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ, ಎತ್ತ ಹೊರಟಿದೆ ಎಂದು ತಿಳಿಯುವುದಿಲ್ಲ. ಆರನೇ ವರ್ಷದಿಂದ ಪ್ಲಸ್ 1ರ ಪಕ್ಕದಲ್ಲೇ ನಡೆದು ಬಂದ ಹುಡುಗ ಬೇರೆ, ಎರಡು ವರ್ಷದಲ್ಲಿ ನಡುಗೆರೆಯಿಂದ ಪ್ಲಸ್ 2ಕ್ಕೆ ಜಿಗಿದವನು ಬೇರೆ. ಎರಡನೆಯವನ ಬದುಕಿನಲ್ಲಿ ಏನೋ ಬದಲಾಗಿರುತ್ತದೆ: ಶಾಲೆ, ಮೊಬೈಲು, ಸಂಜೆಯ ಟ್ಯೂಷನ್, ಕೆಲವೊಮ್ಮೆ ಔಷಧ. ಶಾಲೆಯ ಹಳೆಯ ಕಾರ್ಡುಗಳು, ಲಸಿಕೆ ಪುಸ್ತಕ, ಹಿಂದೆ ದವಾಖಾನೆಗೆ ಹೋದಾಗಿನ ಚೀಟಿಗಳು ಎಲ್ಲ ಹುಡುಕಿ. ಅವುಗಳ ಮೇಲೆ ತೂಕ, ಎತ್ತರ ಬರೆದಿರುತ್ತಾರೆ. ನಾಲ್ಕು ಹಳೆಯ ಚುಕ್ಕಿಗಳು ಸಿಕ್ಕರೆ ನನಗೆ ಅದು ಹೊಸ ರಕ್ತಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಇನ್ನು ಬಿಎಂಐ ಎಲ್ಲಿ ಎಡವುತ್ತದೆ ಎಂದೂ ಹೇಳಬೇಕು. ಅದಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ತಿಳಿಯದು. ಗರಡಿಯಲ್ಲಿ ಬೆವರು ಸುರಿಸುವ ಹದಿನಾರರ ಹುಡುಗನನ್ನು ಅದು ‘ತೂಕ ಹೆಚ್ಚು’ ಅಂದುಬಿಡಬಹುದು. ಇದರ ಉಲ್ಟಾ ನಮ್ಮಲ್ಲಿ ಹೆಚ್ಚು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಅಳತೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಇಬ್ಬರದೂ ಬಿಎಂಐ ಒಂದೇ, 22.3. ಮೈಯ ಕೊಬ್ಬು ಯುಡ್ಕಿನ್ನರದು ಶೇ 9.1, ಯಾಜ್ಞಿಕರದು ಶೇ 21.2. ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಕೊಬ್ಬು ಕೂಡಿಟ್ಟುಕೊಳ್ಳುವ ಮೈಕಟ್ಟು ನಮ್ಮದು, ಅದು ಹುಟ್ಟುವಾಗಿನಿಂದಲೇ ಇರುತ್ತದೆ ಎಂದು ಪುಣೆಯ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಅಳೆದು ತೋರಿಸಿದವರೂ ಯಾಜ್ಞಿಕರ ತಂಡವೇ. ಹೀಗಾಗಿ ನಾನು ಒಂದು ದಾರವನ್ನೂ ನಂಬುತ್ತೇನೆ. ಮಗನ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಸೊಂಟದ ಸುತ್ತ ಹಾಕಿ. ಸುತ್ತಿ ಬಂದರೆ ಸರಿ. ತುದಿ ಕೂಡದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚು. ನಿಮ್ಮ ಮಗನ ಲೆಕ್ಕದಲ್ಲಿ ಸೊಂಟ 66.5 ಸೆಂ.ಮೀ. ಒಳಗಿರಬೇಕು.

ಅತ್ತೆಯವರ ಬಗ್ಗೆ ಒಂದು ಮಾತು. ಅವರನ್ನು ನೋಡಿ ನಗಬೇಡಿ. 2016ರಿಂದ 18ರವರೆಗೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ದೇಶದ ಶಾಲೆ ವಯಸ್ಸಿನ ಮಕ್ಕಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕೃಶರಾಗಿದ್ದರು, ತೂಕ ಹೆಚ್ಚಿದ್ದವರು ಶೇ 4–5 ಮಾತ್ರ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರ ಒಳಗಿನ ಮಕ್ಕಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಬರಗಾಲ ಕಂಡ ನಾಡಿನ ಹಿರಿಯರಿಗೆ ತುಂಬಿದ ಮೈ ಅಂದರೆ ಬದುಕುಳಿದ ಮೈ. ಆದರೆ ಅದೇ ಓಣಿಯಲ್ಲಿ ಈಗ ಎರಡೂ ಬಗೆಯ ಮಕ್ಕಳಿದ್ದಾರೆ, ನಿಮ್ಮ ಮನೆಯಲ್ಲಂತೂ ಒಂದೇ ಸೂರಿನಡಿ. ಕಣ್ಣಳತೆಗೆ ಇದು ನಿಲುಕುವುದಿಲ್ಲ.

ಈಗ ಮಗನಿಗೆ ಏನು ಮಾಡಬೇಕು? ತೂಕ ಇಳಿಸಬೇಡಿ. ಒಂಬತ್ತರ ಹುಡುಗನಿಗೆ ನಮ್ಮ ಕೈಯಲ್ಲಿರುವ ದೊಡ್ಡ ಆಯುಧ ಅವನ ಎತ್ತರ. ಈ ವಯಸ್ಸಿನಲ್ಲಿ ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಮುಂದಿನ ವರ್ಷ ಅವನು 139 ಸೆಂ.ಮೀ. ಆಗಿ, ತೂಕ 36ರಲ್ಲೇ ನಿಂತಿದ್ದರೆ ಬಿಎಂಐ 18.6. ಹತ್ತು ವರ್ಷದ ಪ್ಲಸ್ 1 ಗೆರೆ 18.5ಕ್ಕೆ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಮನೆ ಮುಟ್ಟಿದ. ಒಂದೂವರೆ ಕೆ.ಜಿ. ಏರಿದರೂ 19.4, ಅದೂ ಒಳ್ಳೆಯ ಪ್ರಗತಿ, ಯಾಕೆಂದರೆ ಆಗ ಪ್ಲಸ್ 2 ಗೆರೆ 21.4ಕ್ಕೆ ಸರಿದಿರುತ್ತದೆ. ಏನೂ ಮಾಡದೆ ಐದು ಕೆ.ಜಿ. ಏರಲು ಬಿಟ್ಟರೆ 21.2, ಈಗಿರುವ ಹೊಸ್ತಿಲಲ್ಲೇ ಮತ್ತೆ. ಅವನನ್ನು ಹಸಿವಿನಲ್ಲಿಟ್ಟು ತೂಕ ಇಳಿಸಿದರೆ ಎತ್ತರಕ್ಕೂ ಸ್ನಾಯುವಿಗೂ ಪೆಟ್ಟು, ಮೇಲಾಗಿ ಕದ್ದು ತಿನ್ನುವ ಚಟ. ಏರುವ ವೇಗ ಮಾತ್ರ ತಗ್ಗಿಸಿ.

ಊಟದ ವಿಷಯಕ್ಕೆ ಬಂದರೆ, ಬಹುತೇಕ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ರೊಟ್ಟಿಗೆ. “ಎರಡು ತಿಂತಿದ್ದ, ಒಂದು ಮಾಡೇನ್ರಿ” ಅನ್ನುತ್ತಾರೆ. ಜೋಳದ ರೊಟ್ಟಿಯ ತಪ್ಪು ಏನೂ ಇಲ್ಲ. ನಾರಿದೆ, ಅಗಿಯಬೇಕು, ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸಮಯ ಸಿಗುತ್ತದೆ. ಜೊತೆಗೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೂಲಂಗಿ, ಹಕ್ಕರಕಿ, ಮೆಂತ್ಯದ ಎಲೆ, ಒಂದು ಬಟ್ಟಲು ಮೊಸರು. ನಮ್ಮ ಭಾಗದ ಈ ತಾಟು ಮಕ್ಕಳ ತೂಕಕ್ಕೆ ಬಹಳ ಒಳ್ಳೆಯ ತಾಟು. ಹೊಟ್ಟೆ ತುಂಬ ಊಟ ಮಾಡಲಿ.

ನೋಡಬೇಕಾದ್ದು ಊಟಗಳ ನಡುವಿನ ಹೊತ್ತನ್ನು. ಶಾಲೆಯ ವ್ಯಾನು ಇಳಿದ ಮೇಲೆ ರಾತ್ರಿ ಊಟದವರೆಗೆ ಬಾಯಿಗೆ ಹೋದದ್ದನ್ನೆಲ್ಲ ಮೂರು ದಿನ, ಒಂದು ರವಿವಾರ ಸೇರಿಸಿ, ಚೀಟಿಯಲ್ಲಿ ಬರೆಯಿರಿ. ಹಾಲಿಗೆ ಹಾಕುವ ಡಬ್ಬಿಪುಡಿ, ಚಹಾದಲ್ಲಿ ಅದ್ದುವ ಖಾರಿ, ಟೋಸ್ಟು, ಬಿಸ್ಕೀಟು, ಐದು ಹತ್ತು ರೂಪಾಯಿಯ ಪಾಕೀಟು, ಬಾಟಲಿಯ ತಂಪು ಪಾನೀಯ, ಅಜ್ಜ ಪೇಟೆಯಿಂದ ಬರುವಾಗ ಕಟ್ಟಿಸಿಕೊಂಡು ಬಂದ ಮಿರ್ಚಿ ಭಜಿ. ಚೀಟಿ ನೋಡಿದ ಮೇಲೆ ತಾಯಂದಿರಿಗೆ ನಾನು ಹೇಳುವುದು ಏನೂ ಉಳಿದಿರುವುದಿಲ್ಲ. 200 ಮಿ.ಲೀ. ಸಿಹಿ ತಂಪು ಪಾನೀಯದಲ್ಲಿ 20 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ನಾಲ್ಕೈದು ಚಮಚ. ಹಾಲಿಗೆ ಹಾಕುವ ಆ ಪುಡಿಯ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಸಕ್ಕರೆಯ ಪಾಲು ಎಷ್ಟೆಂದು ಕಾಣುತ್ತದೆ. ಹಾಲಿಗೆ ಏನೂ ಬೆರೆಸುವುದು ಬೇಡ, ದಿನಕ್ಕೆ ಎರಡು ಲೋಟ ಸಾಕು.

ಕಬ್ಬಿನ ನಾಡಿನವರಾದ ನಮಗೆ ಬೆಲ್ಲದ ಮೇಲೆ ಒಂದು ಕುರುಡು ಪ್ರೀತಿ. ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟು ತಿಂದರೂ ಆರೋಗ್ಯ ಅನ್ನುತ್ತೇವೆ. ಮಹಾಲಿಂಗಪುರದ ಬೆಲ್ಲವಾದರೂ ತೂಕದ ಮಟ್ಟಿಗೆ ಅದು ಸಕ್ಕರೆಯ ತಮ್ಮನೇ, ಕ್ಯಾಲೊರಿ ಹತ್ತಿರಹತ್ತಿರ ಅಷ್ಟೇ. ಅಮೀನಗಡದ ಕರದಂಟಿನಲ್ಲಿ ಬೆಲ್ಲದ ಜೊತೆ ಅಂಟು, ಒಣಹಣ್ಣು, ತುಪ್ಪವೂ ಇದೆ. ಹಬ್ಬಕ್ಕೆ, ನೆಂಟರು ತಂದಾಗ ಒಂದು ತುಣುಕು ಕೊಡಿ, ಬೇಡ ಅನ್ನಬೇಡಿ. ದಿನಾ ಡಬ್ಬಿಯಲ್ಲಿ ಕೈಗೆಟಕುವಂತೆ ಇಡಬೇಡಿ. ಶೇಂಗಾ ಹಿಂಡಿಗೂ, ಅಂದರೆ ಶೇಂಗಾ ಚಟ್ನಿಪುಡಿಗೂ, ಇದೇ ಮಾತು: ಒಳ್ಳೆಯ ಪದಾರ್ಥ, ಆದರೆ ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ. ಮಗನಿಗೆ ಒಂದು ಚಮಚ, ಮಗಳಿಗೆ ಎರಡು, ಮೇಲೆ ಮೊಸರು. ಅಡಿಗೆ ಒಂದೇ ಇರಲಿ, ಬಡಿಸುವ ಕೈಗೆ ಮಾತ್ರ ಲೆಕ್ಕ ಗೊತ್ತಿರಲಿ. ಅವನಿಗೊಂದು ಪಥ್ಯದ ತಾಟು, ಉಳಿದವರಿಗೆ ಇನ್ನೊಂದು ಎಂದು ಮಾಡಿದರೆ ಅದು ಎರಡು ವಾರವೂ ನಿಲ್ಲುವುದಿಲ್ಲ.

ಸಾಯಂಕಾಲ ನಾಲ್ಕೂವರೆಗೆ ಹಸಿವಾಗುವುದು ನಿಜ. ಆಗ ಏನು ಕೊಡಬೇಕು? ಕುದಿಸಿದ ಕಡಲೆ, ಮೊಳಕೆಕಾಳಿಗೆ ಉಳ್ಳಾಗಡ್ಡಿ ನಿಂಬೆ ಹಿಂಡಿದ್ದು, ಚುರಮುರಿಗೆ ಎಣ್ಣೆ ಕಡಿಮೆ ಮಾಡಿ ಟೊಮೆಟೊ ಸೌತೆಕಾಯಿ ಜಾಸ್ತಿ ಹಾಕಿದ್ದು, ಪೇರಲ, ತತ್ತಿ ತಿನ್ನುವ ಮನೆಯಾದರೆ ಒಂದು ತತ್ತಿ, ಒಂದು ಲೋಟ ಮಜ್ಜಿಗೆ. ಮುಂಜಾನೆಯ ಅರ್ಧ ರೊಟ್ಟಿ ಉಳಿದಿದ್ದರೆ ಅದನ್ನೂ ತಿನ್ನಲಿ.

ಆಟ. ದಿನಕ್ಕೆ 60 ನಿಮಿಷ ಬೆವರು ಬರುವ ಆಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು, 5ರಿಂದ 17 ವರ್ಷದವರಿಗೆ. ಒಂದೇ ಸಲ ಆಗಬೇಕೆಂದಿಲ್ಲ. ಮಕ್ಕಳನ್ನು ವಾಕಿಂಗಿಗೆ ಎಳೆದುಕೊಂಡು ಹೋಗುವ ಅಪ್ಪಂದಿರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ, ಅಪ್ಪನ ಮೇಲೆ ಅಲ್ಲ. ಮಕ್ಕಳು ನಡೆಯಲು ಹುಟ್ಟಿದವರಲ್ಲ, ಓಡಲು ಹುಟ್ಟಿದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಕಟ್ಟಿದ ನವನಗರಕ್ಕೆ ಒಂದು ಲಾಭವಂತೂ ಇದೆ: ಸೆಕ್ಟರುಗಳ ನಡುವೆ ಅಗಲ ರಸ್ತೆ, ಅಲ್ಲಲ್ಲಿ ಬಯಲು. ಸೈಕಲ್ ಓಟಗಾರರಿಗೆ ಹೆಸರಾದ ಜಿಲ್ಲೆಗಳು ವಿಜಯಪುರ, ಬಾಗಲಕೋಟೆ. ನಿಮ್ಮ ಹುಡುಗನಿಗೊಂದು ಸೈಕಲ್ ಕೊಡಿಸಿ, ಅಕ್ಕನಿಗೂ ಬಿಡಲು ಹೇಳಿ. ಖೋ ಖೋ, ಕಬಡ್ಡಿ ಏನೇ ಆಗಲಿ, ಗೆಳೆಯರಿರಬೇಕು. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಿನಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಹೊತ್ತು ಇಳಿದ ಮೇಲೆ. ಟ್ಯೂಷನ್ ಆ ಹೊತ್ತನ್ನೇ ತಿನ್ನುತ್ತಿದ್ದರೆ ಟ್ಯೂಷನ್ನಿನ ವೇಳೆ ಬದಲಿಸಿ, ಆಟದ್ದಲ್ಲ.

ನಿದ್ದೆಯನ್ನು ಯಾರೂ ತೂಕದ ಜೊತೆ ಕೂಡಿಸಿ ನೋಡುವುದಿಲ್ಲ. ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ಮಗುವಿಗೆ ಮರುದಿನ ಹಸಿವು ಹೆಚ್ಚು, ಸಿಹಿಯ ಆಸೆ ಹೆಚ್ಚು. ಹತ್ತೂವರೆಯವರೆಗೆ ಧಾರಾವಾಹಿ ನಡೆಯುವ ಮನೆಯಲ್ಲಿ ಹುಡುಗ ಒಂಬತ್ತಕ್ಕೆ ಮಲಗುವುದು ಕಷ್ಟ. ಅದನ್ನು ದೊಡ್ಡವರೇ ಬಗೆಹರಿಸಿಕೊಳ್ಳಬೇಕು.

ಅವನೆದುರು ‘ಡುಮ್ಮ’, ‘ಬೋಂಡಾ’ ಅನ್ನುವುದನ್ನು ಇವತ್ತಿನಿಂದಲೇ ನಿಲ್ಲಿಸಿ, ಪ್ರೀತಿಯಿಂದ ಅಂದರೂ. ಹಂಗಿಸಿದ ಮಗು ತೆಳ್ಳಗಾಗುವುದಿಲ್ಲ, ಒಂಟಿಯಾಗುತ್ತದೆ, ಒಂಟಿಯಾಗಿ ತಿನ್ನುತ್ತದೆ. ತೂಕದ ಯಂತ್ರ ತಿಂಗಳಿಗೊಮ್ಮೆ ಹೊರಗೆ ಬಂದರೆ ಸಾಕು, ಎತ್ತರ ಮೂರು ತಿಂಗಳಿಗೊಮ್ಮೆ.

ಥೈರಾಯ್ಡ್ ಪರೀಕ್ಷೆಯ ಪ್ರಶ್ನೆಗೆ ಉತ್ತರ ಅವನ ಎತ್ತರದಲ್ಲೇ ಇದೆ. ಥೈರಾಯ್ಡ್ ಕೊರತೆಯಾಗಲಿ, ಇತರ ಹಾರ್ಮೋನ್ ದೋಷವಾಗಲಿ ತೂಕ ಏರಿಸುವಾಗ ಎತ್ತರವನ್ನು ನಿಲ್ಲಿಸಿಬಿಡುತ್ತವೆ. ಗಿಡ್ಡಗಿದ್ದು ದಪ್ಪಗಾಗುವ ಮಗುವನ್ನು ಕಂಡರೆ ನಾವು ಹಾರ್ಮೋನ್ ಹುಡುಕುತ್ತೇವೆ. ನಿಮ್ಮ ಮಗನ 133 ಸೆಂ.ಮೀ. ಅವನ ವಯಸ್ಸಿಗೆ ಸರಾಸರಿ. ಕಳೆದ ವರ್ಷ 5 ಸೆಂ.ಮೀ. ಬೆಳೆದಿದ್ದರೆ ಥೈರಾಯ್ಡ್ ಕಾರಣ ಇರುವ ಸಂಭವ ತೀರಾ ಕಡಿಮೆ. ಇನ್ನೊಂದು ತೊಡಕಿದೆ: ಥೈರಾಯ್ಡ್ ಪರೀಕ್ಷೆಯಲ್ಲಿ ನೋಡುವ ಟಿಎಸ್‌ಎಚ್ ಎಂಬ ಹಾರ್ಮೋನ್ ತೂಕ ಹೆಚ್ಚಿರುವ ಮಕ್ಕಳಲ್ಲಿ ಸ್ವಲ್ಪ ಏರಿರುವುದು ಸಾಮಾನ್ಯ. ಅದು ಹೆಚ್ಚಾಗಿ ತೂಕದ ಪರಿಣಾಮ, ಕಾರಣವಲ್ಲ. ಆ ಅಂಕಿ ನೋಡಿ ಮಾತ್ರೆ ಶುರುಮಾಡಿಕೊಂಡು ಬರುವವರಿದ್ದಾರೆ, ಮಾತ್ರೆಯಿಂದ ತೂಕವೇನೂ ಇಳಿದಿರುವುದಿಲ್ಲ.

ಬದಲಿಗೆ ಅವನ ಕುತ್ತಿಗೆಯ ಹಿಂಭಾಗ, ಕಂಕುಳು ನೋಡಿ. ಅಲ್ಲಿ ಕಪ್ಪಗೆ, ದಪ್ಪಗೆ, ಮಖಮಲ್ಲಿನಂತೆ ಆಗಿದ್ದರೆ ಅದು ಮಣ್ಣಲ್ಲ, ಉಜ್ಜಿ ತಿಕ್ಕಿ ಹೋಗುವಂಥದ್ದೂ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಅದಕ್ಕೆ ಹೆಚ್ಚು ಬೆಲೆ ಕೊಡಬೇಕು. ಆ ಕಪ್ಪು ಇದ್ದರೆ, ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾದರೆ, ಹಗಲಲ್ಲಿ ತೂಕಡಿಸಿದರೆ, ಮೊಣಕಾಲು ಅಥವಾ ತೊಡೆಸಂದಿ ನೋವೆಂದು ಕುಂಟಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಯಾವುದೂ ಇಲ್ಲದಿದ್ದರೂ ಒಮ್ಮೆ ಬಿಪಿ ನೋಡಿಸಿ, ಮಕ್ಕಳ ಅಳತೆಯ ಪಟ್ಟಿ ಕಟ್ಟಿ ನೋಡಬೇಕು. ರಕ್ತದ ಸಕ್ಕರೆ, ಕೊಬ್ಬು, ಲಿವರ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರು ನೋಡಿ ನಿರ್ಧರಿಸಲಿ. ತೂಕ ಇಳಿಸುವ ಪುಡಿ, ಕಷಾಯ ಯಾವುದೂ ಬೇಡ.

ಮಗಳ ಮಾತಿಗೆ ಬರೋಣ. ಟಾನಿಕ್ ನಿಲ್ಲಿಸಿ. ಹಸಿವಿಗೆಂದು ಮಾರುವ ಅನೇಕ ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡಿನ್, ಅಲರ್ಜಿಗೆ ಕೊಡುವ ಔಷಧ. ಹಸಿವು ಹೆಚ್ಚಿಸುತ್ತದೆ, ಜೊತೆಗೆ ಮಂಪರು ತರುತ್ತದೆ. ಆರೋಗ್ಯದ ಹುಡುಗಿಗೆ ಅದರ ಅಗತ್ಯವಿಲ್ಲ. ಮುಟ್ಟು ಶುರುವಾಗುವ ಮುಂಚಿನ ಒಂದೆರಡು ವರ್ಷ ಹುಡುಗಿಯರು ವೇಗವಾಗಿ ಎತ್ತರಕ್ಕೆ ಹೋಗುತ್ತಾರೆ, ಕೈಕಾಲು ಮೊದಲು ಉದ್ದವಾಗುತ್ತವೆ, ಮೈ ಆಮೇಲೆ ತುಂಬುತ್ತದೆ. ಅವಳೂ ಚಿಕ್ಕಂದಿನಿಂದ ತೆಳ್ಳಗೇ ಇದ್ದು, ತನ್ನ ಗೆರೆಯ ಪಕ್ಕದಲ್ಲೇ ಬಂದಿದ್ದರೆ, ನಿಮ್ಮಲ್ಲೋ ನಿಮ್ಮ ಯಜಮಾನರಲ್ಲೋ ಅದೇ ಮೈಕಟ್ಟು ಇದ್ದರೆ, ಅದು ಅವಳ ಮೈಕಟ್ಟು.

ಬಿಎಂಐ ಅವಳ ಬಗ್ಗೆ ಹೇಳದೇ ಬಿಟ್ಟದ್ದು ರಕ್ತದ ವಿಷಯ. ತೂಕ ಸರಿ ಇದ್ದೂ ರಕ್ತಹೀನತೆ ಇರುವ ಹುಡುಗಿಯರು ನಮ್ಮಲ್ಲಿ ಬಹಳ. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಅವಳ ವಯಸ್ಸಿಗೆ 12 ಗ್ರಾಂ ಇರಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ, ವರ್ಷಕ್ಕೆ ಎರಡು ಸಲದ ಜಂತುಹುಳುವಿನ ಮಾತ್ರೆ ತಪ್ಪಿಸದಿರಲಿ. ಮಾತ್ರೆಯನ್ನು ಊಟದ ನಂತರ ನುಂಗಲಿ, ಅದರ ಹಿಂದೆ ಮುಂದೆ ಚಹಾ ಬೇಡ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಲಿ. ಊಟ ಚೆನ್ನಾಗಿದ್ದೂ ತೂಕ ಇಳಿಯತೊಡಗಿದರೆ, ಎರಡು ವಾರ ದಾಟಿದ ಕೆಮ್ಮು ಜ್ವರ ಇದ್ದರೆ, ನೀರಡಿಕೆ ಹೆಚ್ಚಾಗಿ ರಾತ್ರಿ ಪದೇಪದೇ ಮೂತ್ರಕ್ಕೆ ಎದ್ದರೆ, ನಕ್ಷೆಯಲ್ಲಿ ಮೈನಸ್ 2ರ ಕಡೆ ಜಾರುತ್ತಿದ್ದರೆ ಕಾಯಬೇಡಿ.

ಇನ್ನೊಂದು, ತಮ್ಮನ ತೂಕದ ಮಾತು ಮನೆಯಲ್ಲಿ ನಡೆಯುವಾಗ ಹನ್ನೆರಡರ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿರುತ್ತಾಳೆ. ಅವನಿಗೆ ಹಾಕಿದ ನಿಯಮವನ್ನು ಸದ್ದಿಲ್ಲದೆ ತನಗೂ ಹಾಕಿಕೊಂಡು ಎರಡನೇ ರೊಟ್ಟಿ ಬಿಡುವ ಹುಡುಗಿಯರಿದ್ದಾರೆ. ಅವಳಿಗೆ ನಕ್ಷೆ ತೋರಿಸಿ, ಅವಳ ಚುಕ್ಕಿಯನ್ನು ಅವಳ ಕೈಯಿಂದಲೇ ಹಾಕಿಸಿ, ಸರಿಯಾಗಿದ್ದೀ ಎಂದು ಬಾಯಿಬಿಟ್ಟು ಹೇಳಿ. ಇಬ್ಬರ ಎತ್ತರ ತೂಕವನ್ನೂ ಮೂರು ತಿಂಗಳು ಬಿಟ್ಟು ಮತ್ತೆ ಅಳೆದು, ಹಳೆಯ ಚೀಟಿಗಳ ಜೊತೆ ಹತ್ತಿರದ ಮಕ್ಕಳ ವೈದ್ಯರಿಗೆ ತೋರಿಸಿ. ಮಗನ ಕುತ್ತಿಗೆಯಲ್ಲಿ ಆ ಕಪ್ಪು ಕಂಡರೆ ಮಾತ್ರ ಮೂರು ತಿಂಗಳು ಬೇಡ, ಈ ವಾರವೇ ಹೋಗಿ.